ಹತ್ತಿಗೆ ಸಮುದ್ರ ತೋರಿಸಿದವರು

ದೌಲತಬಿಯ ಹಣೆಗೆ ಅಂಟಿಕೊಂಡಿದ್ದ ನರೆಗೂದಲಿನ ಎಳೆಯೊಂದನ್ನು ಸರಿಸಲೆಂದು ಗಂಡ ಫಕ್ಕೀರಸಾಬ ಚಾಚಿದ ಕೈಯನ್ನು ಬಿಸ್ಮಿಲ್ಲಾಬಿ ನಡುವೆಯೇ ಹಿಡಿದು ನಿಲ್ಲಿಸಿದಳು.

“ಮುಟ್ಟಬ್ಯಾಡೋ ತಮ್ಮಾ.”

“ಕೂದಲಾ ಕಣ್ಣಾಗ ಬಂದೈತಿ ಬೇ.”

“ನಾ ಸರಸ್ತೇನಿ. ನೀ ಹಿಂದಕ್ಕ ಸರಿ.”

ಬಿಸ್ಮಿಲ್ಲಾಬಿ ಎಳೆಯನ್ನು ಕಿವಿಯ ಹಿಂದಕ್ಕೆ ಸೇರಿಸಿದಳು. ಬ್ಯಾಡಗಿಯ ಪಿಂಜಾರ ಓಣಿಯಲ್ಲಿ ಸತ್ತ ಹೆಂಗಸರಿಗೆ ಕಡೆಯ ಸ್ನಾನ ಮಾಡಿಸುತ್ತ ಅವಳಿಗೆ ನಲವತ್ತು ವರ್ಷಗಳಾಗಿದ್ದವು. ಈ ಓಣಿಯ ಹಿರಿಯರು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು ಅವಳಿಗೆ ಬಾಯಿಪಾಠ: ಗಂಡ ಸತ್ತರೆ ಹೆಂಡತಿ ಅವನನ್ನು ಮುಟ್ಟಬಹುದು, ಸೂತಕದ ದಿನಗಳು ತೀರುವವರೆಗೆ ಅವಳು ಅವನವಳೇ, ಹೆಂಡತಿ ಸತ್ತರೆ ಉಸಿರಿನ ಜೊತೆಗೇ ನಿಕಾಹೂ ಹರಿಯುತ್ತದೆ, ಗಂಡ ಆ ಗಳಿಗೆಯಿಂದ ಪರಗಂಡಸು. ನೋಡಬಹುದು, ಮುಟ್ಟಬಾರದು. ಬೇರೆ ಊರಿನ ರೂಢಿ ಬೇರೆ ಇದ್ದೀತು. ಈ ಓಣಿಯ ರೂಢಿ ಇದು.

ಫಕ್ಕೀರಸಾಬ ಬಾಗಿಲ ಹೊರಗೆ ಬಂದು ನಿಂತ. ಬೆಳಿಗ್ಗೆ ಅವನು ಇದೇ ಬಾಗಿಲ ಹೊರಗೆ ಬೇವಿನಕಡ್ಡಿ ಜಗಿಯುತ್ತ ಕುಳಿತಿದ್ದಾಗ ಒಳಗೆ ಒಲೆಯ ಮೇಲೆ ಚಹಾ ಉಕ್ಕುವ ಸಪ್ಪಳವಾಗಿತ್ತು. “ಚಾ ಉಕ್ಕಾಕತ್ತೈತಿ, ಎಲ್ಲಿ ಲಕ್ಷ್ಯ ಐತಿ ನಿಂದು?” ಎಂದು ಅಲ್ಲಿಂದಲೇ ಗದರಿಸಿದ್ದ. ಉತ್ತರ ಬರಲಿಲ್ಲವೆಂದು ಸಿಟ್ಟಿನಲ್ಲಿ ಒಳಗೆ ಹೋದರೆ, ದೌಲತಬಿ ಗೋಡೆಗೆ ಒರಗಿ, ಸಕ್ಕರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಡಬ್ಬಿಯ ಮುಚ್ಚಳ ತೆರೆದಿತ್ತು, ಕಣ್ಣುಗಳೂ ತೆರೆದಿದ್ದವು.

ಹತ್ತು ಗಂಟೆಯ ಹೊತ್ತಿಗೆ ಹಾವೇರಿಯಿಂದ ಮಗಳು ಜುಬೇದಾ ಮತ್ತು ಅಳಿಯ ಸಲಾವುದ್ದೀನ ಬಂದರು. ಅವರ ಬೆನ್ನಿಗೇ ರಾಣೇಬೆನ್ನೂರಿನಿಂದ ದೌಲತಬಿಯ ತಮ್ಮ ಶಾಬುದ್ದೀನ ಬಂದ. ಅವನದೂ ಫಕ್ಕೀರಸಾಬನಂತೆ ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬೇ, ಅಂಗಡಿ ಮಾತ್ರ ದೊಡ್ಡದು. ಮೆಣಸಿನಕಾಯಿ ಪೇಟೆಯ ಹಮಾಲ ಹೇಮಪ್ಪ ಕೆಲಸ ಬಿಟ್ಟು ಮೈಗೆ ಹತ್ತಿದ ಕೆಂಪು ಧೂಳಿನೊಂದಿಗೇ ಓಡಿ ಬಂದಿದ್ದ. ಅವನು ಅಂಗಳಕ್ಕೆ ಕಾಲಿಟ್ಟದ್ದೇ ಸಾಲಾಗಿ ಕುಳಿತವರೆಲ್ಲ ಸೀನತೊಡಗಿದರು.

“ನಾ ಕಟ್ಟಿ ಮ್ಯಾಲ ಕುಂದರ್ತೇನ್ರಪಾ,” ಎಂದು ಹೇಮಪ್ಪ ಹಿಂದೆ ಸರಿದ. “ಯಾರು ಅಳಾಕತ್ತಾರ, ಯಾರಿಗೆ ಘಾಟ ಹತ್ತೈತಿ, ಒಂದೂ ತಿಳೀವಲ್ದು. ನಮ್ಮಕ್ಕ ಇದ್ದಿದ್ರ ‘ಅಂಗಿ ಝಾಡಿಸ್ಕೊಂಡ ಬಾರೋ ಖೋಡಿ’ ಅಂತ ಬೈತಿದ್ಲು.”

“ಬೈಗಳದಾಗ ಉಪ್ಪು ಕಡಿಮಿ ಇರಲಿಲ್ಲ ಬಿಡು ಅಕಿದು,” ಎಂದಿತು ಒಂದು ಮುದಿ ದನಿ.

“ಉಪ್ಪಿನ ನೀರ ನೋಡಿಕೊಂಡ ಬಂದಾಕೀನ ಅಲ್ಲೇನು? ಹತ್ತಿಗೆ ಸಮುದ್ರ ತೋರಿಸ್ಕೊಂಡ ಬಂದ ಜೋಡಿ ಅಂದ್ರ ಇವರು ಇಬ್ಬರ ನೋಡ್ರಿ, ಈ ಮೂರು ತಾಲೂಕಿನಾಗ,” ಎಂದಿತು ಇನ್ನೊಂದು.

ಸಾಲಿನಲ್ಲಿ ನಗೆಯೊಂದು ಹಾದು, ತನ್ನನ್ನು ತಾನೇ ತಡೆದುಕೊಂಡು ನಿಂತಿತು. ಶಾಬುದ್ದೀನ ಮಾತ್ರ ನಗಲಿಲ್ಲ. “ಮಧ್ಯಾಹ್ನ ಜೋಹರ ನಮಾಜು ಆದ ಕೂಡ್ಲೆ ಎತ್ತೋಣ. ಕಬರ್‌ನಾಗ ನಾನು, ಸಲಾವುದ್ದೀನ ಇಳೀತೇವಿ,” ಎಂದ.

ಬಾಗಿಲ ಬಳಿ ನಿಂತಿದ್ದ ಫಕ್ಕೀರಸಾಬ ಹೇಳಿದ: “ನಾ ಇಳಿಸ್ತೇನಿ.”

“ಭಾವಾ, ಅದು ಹಂಗ ಬರೂದಿಲ್ರಿ. ನಿಮಗ ಗೊತ್ತೈತಿ.”

“ಗೊತ್ತೈತಿ. ಆದ್ರೂ ನಾ ಇಳಿಸ್ತೇನಿ.”

ಜುಬೇದಾ ಸೆರಗಿನಿಂದ ಮುಖ ಒರೆಸಿಕೊಂಡು ಹೊಸ್ತಿಲಿಗೆ ಬಂದಳು. “ಆರು ವರ್ಷದ ಅಳ್ಯಾ ಮುಟ್ಟಬಹುದು, ಮೂವತ್ತೆರಡು ವರ್ಷದ ಗಂಡಾ ಮುಟ್ಟಬಾರದೇನು ಮಾಮಾ?”

“ಇದು ನನ್ನ ಕಾಯ್ದೆ ಅಲ್ಲವಾ. ನನಗೂ ಅಕ್ಕಾನ ಅದಾಳ. ಅಲ್ಲಿ ಆಕಿಗೆ ತ್ರಾಸ ಆಗಬಾರದು ಅಂತ ಅಂಜಿಕಿ ನನಗ.”

ಮಸೀದಿಯ ಹಜರತ್ತರನ್ನು ಕೇಳುವುದೆಂದಾಯಿತು. ಅವರು ಗಡ್ಡ ನೀವಿಕೊಂಡರು. “ಕಿತಾಬಿನಾಗ ಹಿರ್ಯಾರು ಒಬ್ಬೊಬ್ಬರು ಒಂದೊಂದು ಹೇಳ್ಯಾರ್ರಿ ಫಕ್ಕೀರಸಾಬ. ಆದ್ರ ನಿಮ್ಮ ಓಣ್ಯಾಗ ನಡಕೊಂಡ ಬಂದದ್ದು ಒಡಹುಟ್ಟಿದವರು, ಮಕ್ಕಳು, ಅಳ್ಯಾ ಇಳಿಸೂದು. ತಮ್ಮ ಅದಾನ, ಅಳ್ಯಾ ಅದಾನ. ಇವತ್ತ ಮುರದ್ರ ನಾಳೆ ಓಣಿ ಎರಡಾಕ್ಕೈತಿ. ನೀವು ಹೆಗಲು ಕೊಡ್ರಿ, ಅದಕ್ಕ ಯಾರೂ ಬ್ಯಾಡ ಅನ್ನೂದಿಲ್ಲ.”

ಫಕ್ಕೀರಸಾಬ ತಲೆಯಾಡಿಸಿದ. ಒಪ್ಪಿಗೆಯೋ ನಿರಾಕರಣೆಯೋ ಯಾರಿಗೂ ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ. ಅವನು ಹೇಮಪ್ಪನ ಪಕ್ಕ ಕಟ್ಟೆಯ ಮೇಲೆ ಹೋಗಿ ಕುಳಿತುಕೊಂಡ, ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು.

*

ಹತ್ತಿ ಸಮುದ್ರ ನೋಡಿದ ಸಂಗತಿ ಹೀಗೆ.

ಸಾವಿರದ ಒಂಬೈನೂರ ಎಂಬತ್ತಾರರ ದೀಪಾವಳಿ ಕಳೆದ ಮೇಲೆ ಹಾವೇರಿಯ ವಕೀಲರೊಬ್ಬರ ಮನೆಯಲ್ಲಿ ಗಾದಿ ಹೊಲಿಯುವ ಕೆಲಸವಿತ್ತು. ಪಡಸಾಲೆಯ ಒಂದು ತುದಿಯಲ್ಲಿ ಫಕ್ಕೀರಸಾಬ ಬಿಲ್ಲು ತೂಗುಹಾಕಿ ಹತ್ತಿ ಹಿಂಜುತ್ತಿದ್ದ. ಇನ್ನೊಂದು ತುದಿಯಲ್ಲಿ ದೌಲತಬಿ ಹೊಲಿಯುತ್ತಿದ್ದಳು. ಅವರ ಸಂಸಾರವೂ ಬಹುಮಟ್ಟಿಗೆ ಹೀಗೆಯೇ ಇತ್ತು: ನಡುವೆ ಮೂರು ಮಾರು ನೆಲ, ನೆಲದ ಮೇಲೆಲ್ಲ ಹಾರಾಡುವ ಅರಳೆ, ಕೆಮ್ಮು ಬಂದರೆ ಒಬ್ಬರನ್ನೊಬ್ಬರು ನೋಡುವುದು. ಮನೆಯಲ್ಲಿ ಎರಡು ಕೋಣೆ, ಒಂಬತ್ತು ಜನ. ಹಗಲಿನ ಬೆಳಕಿನಲ್ಲಿ ಅವಳ ಕೈ ಹಿಡಿದ ನೆನಪು ಅವನಿಗಿರಲಿಲ್ಲ. ಹಿಡಿಯಬೇಕೆಂದು ಅನ್ನಿಸಿದ್ದೂ ಇಲ್ಲ. ಹಾಗೆ ಅನ್ನಿಸುವುದಕ್ಕೆ ಬೇಕಾದ ಬಿಡುವು ಇರಲಿಲ್ಲ.

ವಕೀಲರ ಹೆಂಡತಿ ತಮ್ಮ ಮದುವೆಯ ದಿನಕ್ಕೆ ಗಂಡನೊಡನೆ ಊಟಿಗೆ ಹೋಗಿ ಬಂದ ಮಾತು ತೆಗೆದರು. ದೌಲತಬಿ ಸೂಜಿ ನಿಲ್ಲಿಸಿ, “ಲಗ್ನಾ ಒಮ್ಮೆ ಆದ್ರ ಸಾಕಾಗೂದಿಲ್ಲೇನ್ರಿ ಬಾಯಾರ? ವರ್ಷಾ ವರ್ಷಾ ನೆನಸಬೇಕೇನು?” ಎಂದು ಕೇಳಿದಳು.

“ನಿಮ್ಮದಾಗಿ ಎಷ್ಟು ವರ್ಷ ಆತು?”

“ಜುಬೇದಾಗ ಇಪ್ಪತ್ತೆರಡು. ಅಕಿಗಿಂತ ಮೊದ್ಲ ಒಂದು ಕೂಸು ಹೋತು. ಅದಕ್ಕೂ ಮೊದ್ಲ ಒಂದು ಬರಗಾಲ. ನೀವ ಲೆಕ್ಕಾ ಹಾಕ್ರಿ.”

ಬಾಯಾರು ನಕ್ಕರು. ಫಕ್ಕೀರಸಾಬ ನಗಲಿಲ್ಲ. ಮುಂದಿನ ಶುಕ್ರವಾರ ಮಸೀದಿಯ ಹಳೆಯ ನಿಕಾಹ್ ದಫ್ತರು ತೆಗೆಸಿ, ಓದಬಲ್ಲವರಿಂದ ಓದಿಸಿ, ಮುಂಬರುವ ಜನವರಿ ಇಪ್ಪತ್ತೊಂದಕ್ಕೆ ಇಪ್ಪತ್ತೈದು ವರ್ಷ ತುಂಬುತ್ತವೆಂದು ತಿಳಿದುಕೊಂಡ. ಯಾರಿಗೂ ಹೇಳಲಿಲ್ಲ. ಅದೇ ಬಾಯಾರ ಅಣ್ಣನಿಗೆ ಕುಮಟಾದ ಆಚೆ, ದೋಣಿಯಲ್ಲಿ ಅರ್ಧ ತಾಸು ಹೋದರೆ ಸಿಗುವ ಸಣ್ಣ ನಡುಗಡ್ಡೆಯೊಂದರಲ್ಲಿ ಬಂಗಲೆಯಿತ್ತು. ಅಲ್ಲಿಗೆ ಆರು ಗಾದಿ ಬೇಕಾಗಿದ್ದವು. ಮಾಡಿ ಕಳಿಸಬಹುದಾಗಿದ್ದ ಗಾದಿಗಳನ್ನು ಅಲ್ಲೇ ಹೋಗಿ ಮಾಡಿಕೊಡುತ್ತೇನೆಂದು ಫಕ್ಕೀರಸಾಬ ತಾನಾಗಿ ಹೇಳಿದ. ಹೊಲಿಯುವುದಕ್ಕೆ ಹೆಂಡತಿ ಬರಬೇಕಾಗುತ್ತದೆ ಎಂದೂ ಸೇರಿಸಿದ. ಒಂದು ದಿನ ಕೆಲಸ ಮುಗಿಸಿ ಒಂದು ದಿನ ಸುಮ್ಮನೆ ಇರುವುದು ಅವನ ಲೆಕ್ಕಾಚಾರ.

ಹತ್ತಿಯ ಮೂಟೆಗಳ ನಡುವೆ ಕಣ್ಣು ಮುಚ್ಚಿ ಕುಳಿತ ದೌಲತಬಿ ದೋಣಿ ದಡಕ್ಕೆ ಬಡಿದ ಮೇಲೆಯೇ ಕಣ್ಣು ತೆರೆದಳು. ಬಂಗಲೆಯ ಕಾವಲುಗಾರ ಅಕ್ಕಿ, ಮೀನು, ಕಟ್ಟಿಗೆ ತೋರಿಸಿ, ಮೂರನೆಯ ದಿನ ಬರುತ್ತೇನೆಂದು ಅದೇ ದೋಣಿಯಲ್ಲಿ ಹೊರಟುಹೋದ.

ಫಕ್ಕೀರಸಾಬ ಬಿಲ್ಲು ಕಟ್ಟಿದ. ಹತ್ತಿಯನ್ನು ಹುರಿಗೆ ತಾಗಿಸಿ ಕೊಡತಿಯಿಂದ ಹೊಡೆದ. ಝೇಂಕರಿಸಬೇಕಾಗಿದ್ದ ಹುರಿ ‘ಥಪ್’ ಎಂದಿತು. ಕುರಿಯ ಕರುಳಿನಿಂದ ಹೊಸೆದ ಹುರಿ ಸಮುದ್ರದ ಗಾಳಿಯನ್ನು ಕುಡಿದು ಜೋತುಬಿದ್ದಿತ್ತು. ಬಿಗಿದ, ಮತ್ತೆ ಸಡಿಲವಾಯಿತು. ಬೆಂಕಿಗೆ ಹಿಡಿದ, ಒಣಗಿದಂತೆ ಕಂಡು, ಹತ್ತು ಏಟಿಗೆ ಮತ್ತೆ ಇಳಿಬಿದ್ದಿತು. ಮಳೆಗಾಲದಲ್ಲಿ ಬಿಲ್ಲು ಅಟ್ಟಕ್ಕೇರಿಸುವುದು ಬ್ಯಾಡಗಿಯ ಪಿಂಜಾರರಲ್ಲಿ ಕೂಸಿಗೂ ಗೊತ್ತು. ಆದರೆ ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೂ ಗಾಳಿ ತೇವವಾಗಿರಬಹುದು ಎಂಬುದನ್ನು ಬಯಲುಸೀಮೆಯ ಆ ಮನುಷ್ಯ ಎಣಿಸಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಕೊಡತಿ ಕೆಳಗಿಟ್ಟು ಗೋಡೆ ನೋಡುತ್ತ ಕುಳಿತ.

ದೌಲತಬಿ ಮೊದಲು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಸೆರಗು ಬಿಟ್ಟು ನಕ್ಕಳು.

“ಮೂವತ್ತು ವರ್ಷ ಬಿಲ್ಲ ಹೊಡದೋರು, ಗಾಳಿಗೆ ಸೋತ್ರೆಲ್ಲ.”

“ಊರಾಗ ಹೇಳಬ್ಯಾಡ.”

“ಅಂಗಡಿ ಮುಂದ ನಿಂತು ಹೇಳ್ತೇನಿ.” ನಗು ನಿಂತ ಮೇಲೆ ಕೇಳಿದಳು, “ಮತ್ತ ಎರಡ ದಿನಾ ಏನ ಮಾಡೂದು?”

“ಏನೂ ಮಾಡೂದು ಬ್ಯಾಡ.”

ಆ ಮಾತು ಅವರಿಬ್ಬರಿಗೂ ಹೊಸದು. ಆಮೇಲೆ ಅವನು ಗೋಡೆಗೇ ಹೇಳುವಂತೆ ಹೇಳಿದ: “ಇವತ್ತಿಗೆ ಇಪ್ಪತ್ತೈದು ವರ್ಷ ಆತು. ನಮ್ಮ ನಿಕಾಹ್ ಆಗಿ.”

ದೌಲತಬಿ ಅವನ ಕಡೆ ಹೊರಳಿ ಕುಳಿತಳು.

“ಇದನ್ನ ಮನ್ಯಾಗ ಹೇಳಾಕ ಬರ್ತಿರಲಿಲ್ಲೇನು?”

“ಮನ್ಯಾಗ ಎಲ್ಲಿ? ಅವ್ವನ ಮುಂದೋ, ತಮ್ಮನ ಹೇಂತಿ ಮುಂದೋ?”

ಸಂಜೆ ಇಬ್ಬರೂ ನೀರಿನ ಅಂಚಿಗೆ ಹೋದರು. ಬಂಡೆಗಳ ಮೇಲೆ ಪಾಚಿ ಹಬ್ಬಿತ್ತು. ದೌಲತಬಿ ಒಂದು ಹೆಜ್ಜೆಯಿಟ್ಟು ನಿಂತು, ಕೈ ಚಾಚಿದಳು. “ಜಾರತೈತಿ. ಹಿಡೀರಿ.”

ಅವನು ಹಿಂದೆ ಮುಂದೆ ನೋಡಿದ.

“ಯಾರ್ನ ನೋಡ್ತೀರಿ? ಏಡಿ ನೋಡಾಕತ್ತಾವ, ಅಷ್ಟ.”

ಅವನು ಹಿಡಿದ. ಸೂಜಿ ಒತ್ತಿ ಒತ್ತಿ ಅವಳ ತೋರುಬೆರಳ ತುದಿ ಹತ್ತಿಕಾಳಿನಷ್ಟು ಗಟ್ಟಿಯಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಅದು ಅವನಿಗೆ ತಿಳಿದದ್ದು ಅಂದು. ಪಾಚಿ ಮುಗಿದು ಮರಳು ಬಂತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಅವನೂ ಬಿಡಲಿಲ್ಲ. ಮರುದಿನ ನಡುಗಡ್ಡೆಯನ್ನು ಮೂರು ಸುತ್ತು ಬಂದರು. ಸಣ್ಣ ನಡುಗಡ್ಡೆ, ನಾಲ್ಕನೆಯ ಸುತ್ತಿಗೆ ದೌಲತಬಿ, “ಗಾಣದ ಎತ್ತು ಆದ್ವಿ ನೋಡ್ರಿ,” ಎಂದಳು. ಆದರೂ ನಾಲ್ಕನೆಯ ಸುತ್ತೂ ಆಯಿತು.

ಮೂರನೆಯ ದಿನ ಹತ್ತಿಯ ಮೂಟೆಗಳನ್ನು ಹೋದ ಹಾಗೆಯೇ ತಿರುಗಿ ತಂದು, ಬ್ಯಾಡಗಿಯ ಬಿಸಿಲಿಗೆ ಒಣಗಿಸಿ, ಹಿಂಜಿ, ಹೊಲಿದು, ಆರು ಗಾದಿಗಳನ್ನು ಲಾರಿಗೆ ಹಾಕಿ ಕಳಿಸಿದರು. ದೌಲತಬಿ ಹೇಳಿದಂತೆ ಅಂಗಡಿಯ ಮುಂದೆ ನಿಂತು ಹುರಿ ಸಡಿಲಾದ ಕತೆಯನ್ನು ಓಣಿಗೆಲ್ಲ ಹೇಳಿದಳು. ಉಳಿದುದನ್ನು ಹೇಳಲಿಲ್ಲ. ಊರು ನಕ್ಕಿತು. ಹಗಲಿನಲ್ಲಿ ಕೈ ಹಿಡಿಯುವ ಸಂದರ್ಭ ಮತ್ತೆ ಬರಲಿಲ್ಲ.

*

ಜನಾಜಾ ಎತ್ತಿದಾಗ ಎಡಗಡೆಯ ಮುಂದಿನ ಹೆಗಲು ಫಕ್ಕೀರಸಾಬನದು. ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸುವುದು ರೂಢಿ. ಅವನು ಬಿಡಲಿಲ್ಲ. ಹಿಂದಿನವರು ಬಂದು ಕೈಯಿಟ್ಟು, ಅವನ ಮುಖ ನೋಡಿ, ಬೇರೆ ಮೂಲೆಗೆ ಹೋದರು. ಮೆಣಸಿನಕಾಯಿ ಒಣಹಾಕಿದ ಬಯಲನ್ನು ಹಾಯುವಾಗ ಹೇಮಪ್ಪ ಮುಂದೆ ಓಡಿ ಕಾಯಿಗಳನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಟ್ಟ.

ಕಬರಸ್ತಾನದಲ್ಲಿ ಶಾಬುದ್ದೀನ ಮತ್ತು ಸಲಾವುದ್ದೀನ ಗುಂಡಿಗೆ ಇಳಿದರು. ಹೆಂಗಸಿನ ಮಣ್ಣಾದ್ದರಿಂದ ಪರಪುರುಷರ ಕಣ್ಣು ಬೀಳದಂತೆ ಗುಂಡಿಯ ಮೇಲೆ ಚಾದರ ಹಿಡಿಯಬೇಕು. ಮೂರು ಮೂಲೆಗೆ ಮೂವರು ನಿಂತರು. ನಾಲ್ಕನೆಯ ಮೂಲೆ ಗಾಳಿಗೆ ಬಡಿದುಕೊಳ್ಳುತ್ತಿತ್ತು.

“ಯಾರರ ಹಿಡೀರಿ,” ಎಂದ ಶಾಬುದ್ದೀನ ಕೆಳಗಿನಿಂದ.

ಫಕ್ಕೀರಸಾಬ ಮುಂದೆ ಬಂದು ಆ ಮೂಲೆಯನ್ನು ಹಿಡಿದುಕೊಂಡ. ಉಳಿದ ಮೂವರಂತೆ ತಾನೂ ಮುಖವನ್ನು ಆಚೆಗೆ ತಿರುಗಿಸಿದ. ಚಾದರದ ಕೆಳಗೆ ಪಿಸುಮಾತು, ಬಟ್ಟೆ ಎಳೆದ ಸಪ್ಪಳ, “ಹಗೂರಕ, ಹಗೂರಕ, ತಲಿ ಕಡೆ ನೋಡ” ಎಂಬ ಶಾಬುದ್ದೀನನ ದನಿ. ಆಮೇಲೆ ಆ ದನಿ ಒಡೆದು, ಚಾದರದ ಕೆಳಗೆ ಅವನು ಅತ್ತದ್ದು ಎಲ್ಲರಿಗೂ ಕೇಳಿತು. ಫಕ್ಕೀರಸಾಬನ ಮೂಲೆ ಅಲ್ಲಾಡಲಿಲ್ಲ.

ಹಲಗೆ ಮುಚ್ಚಿದರು. ಚಾದರ ಸುತ್ತಿದರು. ಇನ್ನು ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕುವ ಸರದಿ. ಮೊದಲು ಶಾಬುದ್ದೀನ ಹಾಕಿದ. ಆ ನೆಲದ್ದು ಗರಸು ಮಣ್ಣು. ಹರಳುಗಳು ಹಲಗೆಗೆ ಬಡಿದು ಟಕಟಕ ಎಂದವು. ಸಲಾವುದ್ದೀನ ಹಾಕಿದಾಗಲೂ ಅದೇ ಸಪ್ಪಳ, ಕದ ತಟ್ಟಿದ ಹಾಗೆ.

ಫಕ್ಕೀರಸಾಬ ಬಗ್ಗಿ ಒಂದು ಹಿಡಿ ತೆಗೆದುಕೊಂಡ, ಹಾಕಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು, ಮಣ್ಣನ್ನು ಅಂಗೈ ಮೇಲೆ ಹರಡಿ, ಹರಳುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಇಡತೊಡಗಿದ.

“ಭಾವಾ,” ಎಂದ ಶಾಬುದ್ದೀನ ಮೆಲ್ಲಗೆ, “ಮಂದಿ ಕಾಯಾಕತ್ತಾರ್ರಿ.”

“ಕಾಯಲಿ.”

ಸಾಲು ಕಾಯಿತು. ಯಾರೋ ಸೀನಿದರು. ಹಜರತ್ತರು ತಸಬಿ ಮಣಿ ಎಣಿಸುತ್ತ ಆಚೆ ನೋಡಿದರು. ಫಕ್ಕೀರಸಾಬ ಬೆರಳ ತುದಿಯಿಂದ ಮಣ್ಣನ್ನು ಇನ್ನೊಮ್ಮೆ ತಡವಿ ನೋಡಿ, ತೋಳನ್ನು ಗುಂಡಿಯೊಳಗೆ ಸಾಧ್ಯವಾದಷ್ಟು ಕೆಳಗೆ ಇಳಿಸಿ, ಹಿಡಿ ಸಡಿಲಿಸಿದ. ಎರಡನೆಯ ಹಿಡಿಯನ್ನೂ ಹಾಗೆಯೇ ಆರಿಸಿದ. ಮೂರನೆಯದನ್ನೂ.

ಹಲಗೆಯ ಮೇಲೆ ಆ ಮೂರು ಹಿಡಿ ಬಿದ್ದ ಸಪ್ಪಳ ಅಲ್ಲಿದ್ದ ಯಾರಿಗೂ ಕೇಳಲಿಲ್ಲ.