ಹೆಲಿಕಾಪ್ಟರಿಗೆ ಬ್ಯಾಡ ಅಂದದ್ದು

ನಮ್ಮ ಮನೆಯವರಾದ ಗುರುಪುತ್ರಪ್ಪನವರದು ಬೆಳಗಾವಿಯ ರವಿವಾರ ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಎರಡು ಸಾವಿರದ ಇಸವಿಯಲ್ಲಿ ಔಷಧಿ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನೂ ಅವರ ಹೆಂಡಂದಿರನ್ನೂ ಮಾರಿಷಸ್ ದ್ವೀಪಕ್ಕೆ ಕರೆದುಕೊಂಡು ಹೋದರು. ಕಡೆಯ ದಿನ ಹೆಲಿಕಾಪ್ಟರಿನಲ್ಲಿ ಕೂರಿಸಿ ಇಡೀ ದ್ವೀಪ ತೋರಿಸುವುದಿತ್ತು. ಅಂಗಡಿಗೆ ಒಂದೇ ಸೀಟು.

ಆ ಸೀಟು ನನಗೆ ಬೇಕಾಗಿತ್ತು. ಮುಚ್ಚುಮರೆ ಯಾಕೆ, ಬಹಳ ಬೇಕಾಗಿತ್ತು. ನನ್ನ ತವರು ಖಾನಾಪುರದ ಕಾಡಿನೊಳಗಿನ ಗುಂಜಿ. ಅಲ್ಲಿ ಆಕಾಶ ಪೂರ್ತಿ ನೋಡಬೇಕೆಂದರೆ ರೈಲ್ವೆ ಸ್ಟೇಷನ್ನಿಗೆ ಬರಬೇಕು, ಉಳಿದೆಲ್ಲ ಕಡೆ ಗಿಡಮರವೇ. ಸಣ್ಣವಳಿದ್ದಾಗ ಮೇಲೆ ಹೆಲಿಕಾಪ್ಟರ್ ಹೋದರೆ ಸದ್ದಷ್ಟೇ ಕೇಳುತ್ತಿತ್ತು. ನಮಗೆ ಅವರು ಕಾಣುವುದಿಲ್ಲ, ಅವರಿಗೆ ನಾವು ಕಾಣುತ್ತೇವೋ ಏನೋ ಎಂದು ಕತ್ತು ನೋಯುವ ತನಕ ಮೇಲೆ ನೋಡುತ್ತಿದ್ದೆ.

ನಮ್ಮ ಮನೆಯವರಿಗೋ ಎತ್ತರ ಎಂದರೆ ಆಗದು. ಗೋದಾಮಿನ ಅಟ್ಟಕ್ಕೆ ಏಣಿ ಹಚ್ಚಿದರೆ ಕೆಳಗೆ ನಿಂತು ಏಣಿ ಹಿಡಿಯುವ ಪೈಕಿ. ಬರುವಾಗ ವಿಮಾನದಲ್ಲಿ ಕಿಟಕಿಯ ಪರದೆ ಎತ್ತಗೊಡಲೇ ಇಲ್ಲ. ಹಾಗಾಗಿ ಸೀಟು ನನ್ನದೇ ಎಂದು ಖಾತ್ರಿ ಮಾಡಿಕೊಂಡಿದ್ದೆ. ಬಾಯಿ ಬಿಟ್ಟು ಹೇಳಿರಲಿಲ್ಲ, ಅದನ್ನೇನು ಹೇಳುವುದು.

ಹೋಗುವ ದಾರಿಯುದ್ದಕ್ಕೂ ಕಬ್ಬು. ನಮ್ಮ ಕಡೆಯ ಬೀಡಿ ಊರಿನಲ್ಲಿ ಅಂಗಡಿ ಇಟ್ಟಿರುವ ದುಂಡಪ್ಪನವರು, "ಕಬ್ಬ ನೋಡಾಕ ಇಷ್ಟ ದೂರ ಯಾಕ ಬಂದ್ವಿ? ನಮ್ಮ ಹೊಲಕ್ಕ ಬಂದಿದ್ರ ಆಗ್ತಿತ್ತಲ್ಲರಿ" ಎಂದು ಬಸ್ಸನ್ನೇ ನಗಿಸಿದರು.

ಹೆಲಿಕಾಪ್ಟರ್ ನಿಂತಿದ್ದ ಬಯಲಿನಲ್ಲಿ ಸಪ್ನಾ ಎನ್ನುವ ಹುಡುಗಿ ಜನರನ್ನು ಹತ್ತಿಸುತ್ತಿದ್ದಳು. ಅವಳ ಮುತ್ತಜ್ಜ ಕಬ್ಬು ಕಡಿಯಲು ಕೊಂಕಣದಿಂದ ಹಡಗು ಹತ್ತಿದವನಂತೆ. ಮನೆಯಲ್ಲಿ ಇನ್ನೂ ಮರಾಠಿ ಉಳಿದಿತ್ತು. ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ನನಗೆ ಮರಾಠಿ ಏನು ಹೊಸದೇ? ಇಬ್ಬರಿಗೂ ಕೂಡಲೇ ಮಾತು ಹತ್ತಿತು. ಸ್ವಲ್ಪ ಹೊತ್ತಿಗೆ, "ನಿಮ್ಮ ಅಂಗಡಿಯಿಂದ ನೀವೇ ಬರುತ್ತೀರಾ?" ಎಂದು ಕೇಳಿದಳು.

"ನಕೋ ನಕೋ, ಇರಲಿ ಬಿಡವ್ವಾ," ಎಂದೆ.

ನಮ್ಮ ಕಡೆ ಇದು ಒಲ್ಲೆ ಎನ್ನುವ ಮಾತಲ್ಲ. ಚಹಾ ತಗೋರಿ ಎಂದರೆ ಈಗಷ್ಟೇ ಆತು ಎನ್ನಬೇಕು. ಎರಡನೇ ಸಲ ಅಂದಾಗ ಸ್ವಲ್ಪ ಸಡಿಲ ಬಿಡಬೇಕು. ಮೂರನೇ ಸಲಕ್ಕೆ, ಅರ್ಧ ಕಪ್ ಕೊಡ್ರಿ ಹಂಗಾರ ಎನ್ನಬೇಕು. ಮೊದಲ ಮಾತಿಗೇ ಹೂಂ ಎಂದರೆ ಹಪಾಪಿ, ಆಸೆಬುರುಕಿ ಎನ್ನುತ್ತಾರೆ. ಬೆಳಗಾವಿಯಿಂದ ಗುಂಜಿಯವರೆಗೆ ಕನ್ನಡದವರಿಗೂ ಮರಾಠಿಯವರಿಗೂ ಇದು ಗೊತ್ತು. ಸಪ್ನಾಳಿಗೆ ಗೊತ್ತಿರಲಿಲ್ಲ. ಆಯಿತೆಂದು ತಲೆಯಾಡಿಸಿ ನಮ್ಮ ಮನೆಯವರ ಕಡೆ ತಿರುಗಿಬಿಟ್ಟಳು.

ಅವಳಿಗೆ ಗೊತ್ತಿಲ್ಲ, ಇವರಿಗೆ ಗೊತ್ತಲ್ಲ ಎಂದು ಇವರ ಮುಖ ನೋಡಿದೆ. "ಹೋಗಬಾರದೇನ" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಇವರು ದುಂಡಪ್ಪನವರನ್ನು ನೋಡಿದರು, ಕಂಪನಿಯವರನ್ನು ನೋಡಿದರು. ಅಷ್ಟು ಜನರ ಮುಂದೆ ಹೆದರಿಕೆ ಎನ್ನಲು ನಾಚಿಕೆ. "ಆಕಿ ಒಲ್ಲೆ ಅಂದಮ್ಯಾಲ ನಾನ ಹೋಗಬೇಕಲ್ಲ," ಎಂದು ಹಲ್ಲು ಕೀಳಿಸಿಕೊಳ್ಳಲು ಹೋಗುವವರ ಹಾಗೆ ಹೋಗಿ ಕುಳಿತರು. ಹೆಲಿಕಾಪ್ಟರ್ ನನ್ನ ಮುಖಕ್ಕೆ ಧೂಳು ಹೊಡೆದು ಮೇಲೆ ಹೋಯಿತು.

ನಾನು ಬೆಂಚಿನ ಮೇಲೆ ಕುಳಿತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಸಪ್ನಾ ಗಾಬರಿಯಾದಳು. "ನಿಮಗೆ ಹೋಗುವುದಿತ್ತಾ? ಮತ್ತೆ ಬೇಡ ಅಂದಿರಲ್ಲ?"

"ಒಂದು ಸಲ ಅಂದೆ. ನೀನು ಮತ್ತೆ ಕೇಳಬೇಕಾಗಿತ್ತು," ಎಂದು ನಮ್ಮ ರೀತಿಯನ್ನು ವಿವರಿಸಿದೆ.

ಹುಡುಗಿ ಯೋಚನೆ ಮಾಡಿ ಕೇಳಿದಳು: "ನಿಮ್ಮ ಮನೆಯಲ್ಲಿ ಹಾಗಾದರೆ ನಿಮ್ಮನ್ನು ಮೂರು ಸಲ ಕೇಳುತ್ತಾರಾ?"

ಲೆಕ್ಕ ಹಾಕಿ ನೋಡಿದೆ. ಮದುವೆಯಾದ ಹೊಸದರಲ್ಲಿ ಇವರು ಹೊಲಿಗೆ ಮಶೀನ್ ತರಲೇನು ಎಂದಿದ್ದರು. ಬ್ಯಾಡ ಬಿಡ್ರಿ ಎಂದಿದ್ದೆ, ತರಲೇ ಇಲ್ಲ. ತಂಗಿ ಬಾಣಂತಿಯಾದಾಗ ತವರಿನಲ್ಲಿ ನಾಲ್ಕು ದಿನ ಇರುತ್ತೀಯೇನು ಎಂದಿದ್ದರು. ಬ್ಯಾಡ ಎಂದೆ, ಅವತ್ತೇ ಬಸ್ಸು ಹತ್ತಿಸಿದರು. ಅದೇ ಮನುಷ್ಯ ಅಂಗಡಿಗೆ ಬಂದ ರೈತರನ್ನು ರಟ್ಟೆ ಹಿಡಿದು ಕೂರಿಸಿ, ಅವರು ಹೂಂ ಎನ್ನುವ ತನಕ ಚಹಾ ಚಹಾ ಎಂದು ಬೆನ್ನು ಬೀಳುತ್ತಾರೆ. ಸಪ್ನಾಳ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಅದು ಯಾರಿಗೆ ಸೇರಬೇಕೋ ಅವರು ಇನ್ನೂ ಮೇಲಿದ್ದರು.

ಹೆಲಿಕಾಪ್ಟರ್ ಇಳಿಯಿತು. ಇವರು ಜೊತೆಗೆ ಹೋಗಿದ್ದ ದುಂಡಪ್ಪನವರ ಭುಜ ಹಿಡಿದುಕೊಂಡು ಹೊರಗೆ ಬಂದರು, ಮುಖದಲ್ಲಿ ರಕ್ತವಿಲ್ಲ. ಮುಂದಿನ ಸರದಿಯಲ್ಲಿ ಯಾರೋ ಹಿಂದೆ ಸರಿದಿದ್ದರು. ಒಂದು ಸೀಟು ಖಾಲಿ ಇದೆ, ಯಾರಾದರೂ ಬರುತ್ತೀರಾ ಎಂದು ಸಪ್ನಾ ಕೂಗಿ, ನನ್ನನ್ನೇ ನೋಡಿದಳು.

"ಆಕಿ ಒಲ್ಲೆ ಅಂದಾಳಲ್ಲವಾ," ಎಂದರು ಇವರು.

"ನಾ ಹೊಂಟೀನಿ," ಎಂದು ಎದ್ದೆ.

"ಮತ್ತ ಆವಾಗ ಬ್ಯಾಡ ಅಂದಿ?"

"ಒಂದ ಸಲ ಅಂದೆ. ರೈತರಿಗೆ ಒಂದ ಕಪ್ ಚಾಕ್ಕ ಮೂರು ಸಲ ಕೇಳ್ತೀರಿ. ನನಗ ಯಾವತ್ತರ ಎರಡನೇ ಸಲ ಕೇಳೀರೇನು?"

ದುಂಡಪ್ಪನವರು ಅತ್ತ ತಿರುಗಿ ಸಮುದ್ರ ನೋಡತೊಡಗಿದರು. ಹೆಗಲಿಗಿದ್ದ ಪಿಶವಿಯನ್ನು ಇಳಿಸಿ ಇವರ ಕೈಗೆ ಕೊಟ್ಟು ಹೋಗಿ ಹತ್ತಿದೆ.

ಸಪ್ನಾ ನನ್ನನ್ನು ಪೈಲಟ್ ಬಾಜುವೇ ಕೂರಿಸಿ ಪಟ್ಟಿ ಬಿಗಿದಳು. ನೆಲ ಸರಕ್ಕನೆ ಕೆಳಗಿಳಿಯಿತು. ಮೊದಲು ಕಬ್ಬಿನ ಹೊಲಗಳು ಬಂದವು, ಆಮೇಲೆ ಕರಿ ಗುಡ್ಡಗಳು, ಅವುಗಳ ಸಂದಿಯಲ್ಲಿ ಬಿಳಿ ದಾರದಷ್ಟು ಒಂದು ಜಲಪಾತ. ಆಚೆ ಸಮುದ್ರ. ದಂಡೆಯ ಹತ್ತಿರ ತಿಳಿ ಹಸಿರು, ಅಲೆ ಒಡೆಯುವ ಕಡೆ ಬೆಳ್ಳಗಿನ ಗೆರೆ, ಅದನ್ನು ದಾಟಿದರೆ ನೋಡಲು ಭಯವಾಗುವಷ್ಟು ನೀಲಿ. ವಾಪಸು ಬರುವಾಗ ಒಂದು ಹೊಲದಲ್ಲಿ ಕಬ್ಬು ಕಡಿಯುವವರು ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ನನಗೆ ಅವರು ಚೆನ್ನಾಗಿ ಕಾಣುತ್ತಿದ್ದರು. ಬಹಳ ಖುಷಿಯಾಯಿತು, ಅಳುವೂ ಬಂತು.

ಇಳಿದಾಗ ಇವರು "ಹೆಂಗಿತ್ತ?" ಎಂದರು. "ಇತ್ತು ಬಿಡ್ರಿ," ಎಂದೆ. ಬಸ್ಸು ಹತ್ತಿ ಪೇಪರ್ ಬಿಡಿಸಿದರು. ಇಷ್ಟೆಲ್ಲ ಅಂದ ಮೇಲೂ ಎರಡನೇ ಸಲ ಕೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬೆಳಗಾವಿಗೆ ಬಂದ ಮೇಲೆ ಒಂದು ದಿನ ತವರಿಗೆಂದು ಗುಂಜಿಗೆ ಹೊರಟೆ. ಇವರೂ ಅಂಗಡಿ ಬಿಟ್ಟು ಬಂದರು. ರೈಲು ಖಾನಾಪುರ ಬಿಟ್ಟಿತು.

"ಗೌರವ್ವ, ಅವತ್ತ ನಾ ಕಣ್ಣ ಮುಚ್ಚಿಕೊಂಡ ಕುಂತಿದ್ದೆ," ಎಂದರು ಸಣ್ಣ ದನಿಯಲ್ಲಿ. "ಮ್ಯಾಲಿಂದ ಏನೇನ ಕಾಣತಿತ್ತು?"

"ಏನೈತ್ರಿ, ಕಬ್ಬು."

ಮತ್ತೆ ಪೇಪರ್ ಬಿಡಿಸುತ್ತಾರೆ ಎಂದುಕೊಂಡೆ. ಬಿಡಿಸಲಿಲ್ಲ. ಹತ್ತಿರ ಸರಿದು ಕುಳಿತರು. "ಹಂಗಲ್ಲ. ಸಮುದ್ರ ಹೆಂಗಿತ್ತು, ಹೇಳ ಮತ್ತ."

ಮೊಮ್ಮಗ ಸಾಲಿಗೆ ಹೋಗುವ ಕಾಲಕ್ಕೆ ಈ ಮನುಷ್ಯ ಎರಡನೇ ಸಲ ಕೇಳಲು ಕಲಿತರು. ಎದೆ ತುಂಬಿ ಬಂತು. ಆದರೆ ನಾನೇನು ಕಡಿಮೆಯವಳೇ? ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಮೂರನೇ ಸಲವೂ ಕೇಳಿದರು.

ಆಗ ಹೇಳಲು ಶುರು ಮಾಡಿದೆ. ಗುಂಜಿ ಬಂದದ್ದು, ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಮುಂದಿನ ಸ್ಟೇಷನ್ ಲೋಂಡಾದಲ್ಲಿ ಇಳಿದೆವು.