ಕಾವಿನ ಕೋಳಿಯ ಕಡೂರು ಪ್ರಯಾಣ

ಬೆಳಗಿನ ಎಂಟೂವರೆಗೆ ತರೀಕೆರೆ ಬಸ್ ನಿಲ್ದಾಣದಲ್ಲಿ ಕಾವಿಗೆ ಕೂತ ಕೋಳಿಯೊಂದು ಕೂತ ಭಂಗಿಯಲ್ಲೇ ಕಡೂರಿನ ಸರ್ಕಾರಿ ಬಸ್ಸು ಹತ್ತಿತು. ಕೋಳಿಯ ಕೆಳಗೆ ಆರು ಮೊಟ್ಟೆ, ಅವುಗಳ ಕೆಳಗೆ ಹುಲ್ಲು ಹಾಸಿದ ಬುಟ್ಟಿ. ಬುಟ್ಟಿ ಹಿಡಿದಿದ್ದವರು ಅಮೃತಾಪುರದ ದ್ಯಾವಮ್ಮ. ಜೊತೆಗೆ ಮೊಮ್ಮಗಳು ಪ್ರಜ್ಞಾ, ಕಡೂರಿನ ಕಾಲೇಜೊಂದರಲ್ಲಿ ಕೊನೆಯ ವರ್ಷದ ಬಿಎಸ್ಸಿ ವಿದ್ಯಾರ್ಥಿನಿ.

ಹತ್ತೂವರೆಗೆ ಅವಳ ಸೆಮಿನಾರ್ ಇತ್ತು. ಭ್ರೂಣದ ಬೆನ್ನು ಹೇಗೆ ತುಂಡು ತುಂಡಾಗಿ ಕಟ್ಟಿಕೊಳ್ಳುತ್ತದೆ ಎಂಬುದು ವಿಷಯ. ಎರಡು ದಿನ ಕಾವು ಕಂಡ ಮೊಟ್ಟೆಯ ಚಿಪ್ಪಿಗೆ ಸಣ್ಣ ಕಿಟಕಿ ಕೊರೆದು ಜೀವಂತವಾಗಿಯೇ ತೋರಿಸುತ್ತೇನೆಂದು ಮೇಷ್ಟರಿಗೆ ಮಾತು ಕೊಟ್ಟಿದ್ದಳು. ಅಂಕವೂ ಅದಕ್ಕೇ ಇತ್ತು. ಕಾಲೇಜಿನ ಇನ್‌ಕ್ಯುಬೇಟರ್ ಕೆಟ್ಟಿತ್ತು. ಮೊಟ್ಟೆ ತಣ್ಣಗಾದರೆ ಒಳಗಿನ ಕೆಲಸ ನಿಧಾನವಾಗುತ್ತದೆ, ತೀರಾ ತಣ್ಣಗಾದರೆ ನಿಂತೇಹೋಗುತ್ತದೆ. ಬರೀ ಮೊಟ್ಟೆ ಕಳಿಸಲು ದ್ಯಾವಮ್ಮ ಒಪ್ಪಲಿಲ್ಲ. ಎರಡನ್ನು ಒಡೆದುಕೋ, ಉಳಿದ ನಾಲ್ಕೂ ಕೋಳಿಯ ಸಮೇತ ವಾಪಸ್ ಬರಬೇಕು ಎಂದು ತಾವೇ ಹೊರಟರು.

ಕಂಡಕ್ಟರ್ ಓಂಕಾರೇಶ್ ಅಜ್ಜಂಪುರದವರು, ನಿಯಮದ ಮನುಷ್ಯ. ಹೆಂಗಸರಿಬ್ಬರಿಗೂ ಉಚಿತ ಟಿಕೆಟ್ ಕೊಟ್ಟು, ಕೋಳಿಗೆ ದುಡ್ಡು ಕೇಳಿದರು.

"ಇದೂ ಹೆಣ್ಣೇ ಕಣಪ್ಪಾ," ಎಂದರು ದ್ಯಾವಮ್ಮ.

"ಆಧಾರ್ ತೋರ್ಸಜ್ಜಿ."

ದ್ಯಾವಮ್ಮ ದುಡ್ಡು ಕೊಟ್ಟರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮೊಟ್ಟೆ ಮಾರೋದಕ್ಕಾ ಎಂದು ಓಂಕಾರೇಶ್ ಸುಮ್ಮನೆ ಕೇಳಿದ್ದಕ್ಕೆ, ಅಲ್ಲ, ಒಳಗೆ ಜೀವವಿದೆ, ಹೃದಯ ಬಡಿಯುತ್ತಿದೆ ಎಂದು ಪ್ರಜ್ಞಾ ನಿಖರವಾಗಿ ತಿದ್ದಿದಳು. ಜೀವವಿದ್ದರೆ ಟಿಕೆಟ್ ಬೇಕು ಎಂದು ಅವರು ಮಷೀನು ಎತ್ತಿದರು.

ಅದಿನ್ನೂ ಪೂರ್ತಿ ಕೋಳಿಯಲ್ಲ ಎಂದು ಒಪ್ಪಿಸಲು ಅವಳು ವಿವರಿಸತೊಡಗಿದಳು. ಈ ಬಸ್ಸೇ ಭ್ರೂಣ ಅಂದುಕೊಳ್ಳಿ, ಹಿಂದಿನ ಸೀಟು ಬಾಲ. ಅಲ್ಲಿ ಯಾರೋ ಹಲಸಿನ ಹಣ್ಣು ಇಟ್ಟಿದ್ದಾರೆ. ವಾಸನೆ ಹಿಂದೆ ಜೋರು, ಮುಂದೆ ಬಂದಷ್ಟೂ ಕಡಿಮೆ. ಬಾಲದ ರಾಸಾಯನಿಕವೂ ಹಾಗೆಯೇ. ಅದು ಜೋರಾಗಿರುವ ತನಕ ಜೀವಕೋಶಗಳು ಎಲ್ಲೂ ಕೂರದೆ ನಿಂತಿರುತ್ತವೆ. ಬಾಲ ಬೆಳೆದು ಹಿಂದೆ ಹೋದಂತೆ ಹಣ್ಣೂ ಹಿಂದೆ ಹೋಗುತ್ತದೆ. ಕೋಶಗಳೊಳಗೊಂದು ಗಡಿಯಾರವಿದೆ, ನಿಮ್ಮ ವಿಷಲ್ಲಿನ ಹಾಗೆ. ವಿಷಲ್ ಆದಾಗ ವಾಸನೆ ಸಾಕಷ್ಟು ಇಳಿದ ಜಾಗದವರೆಲ್ಲ ಸೇರಿ ಒಂದು ಸಾಲು ಸೀಟಾಗುತ್ತಾರೆ. ಮುಂದಿನ ವಿಷಲ್ಲಿಗೆ ಅದರ ಹಿಂದೆ ಇನ್ನೊಂದು ಸಾಲು. ಕೋಳಿಯಲ್ಲಿ ಸುಮಾರು ಒಂದೂವರೆ ಗಂಟೆಗೊಂದು ವಿಷಲ್. ಆ ಸಾಲುಗಳೇ ಮುಂದೆ ಬೆನ್ನುಮೂಳೆ, ಪಕ್ಕೆಲುಬು.

ಓಂಕಾರೇಶ್ ಗಮನವಿಟ್ಟು ಕೇಳಿದರು. "ಅಂದ್ರೆ ಕಡೂರು ಮುಟ್ಟೋದ್ರೊಳ್ಗೆ ಒಂದು ಸಾಲು ಜಾಸ್ತಿ ಆಗ್ಬೋದು. ಹತ್ತಿದ್ದಕ್ಕಿಂತ ಇಳ್ಯೋದು ಜಾಸ್ತಿ. ಟಿಕೆಟ್ ಬೇಕೇ ಬೇಕು ಕಣಮ್ಮ."

"ಬೆನ್ನೇ ಪೂರ್ತಿ ಆಗಿಲ್ಲ. ಸೀಟಿಗೆ ಒರಗೋದು ಹ್ಯಾಗಪ್ಪಾ?" ಎಂದು ದ್ಯಾವಮ್ಮ ಕೇಳಿದರು.

ಮುಂದಿನ ನಾಲ್ಕು ಸೀಟಿನವರು ದ್ಯಾವಮ್ಮನ ಪಕ್ಷ ವಹಿಸಿದರು. ಅಷ್ಟರಲ್ಲಿ ಒಂದು ನಿಲುಗಡೆ ಬಂತು. ಓಂಕಾರೇಶ್ ಬುಟ್ಟಿಯ ಪಕ್ಕದಲ್ಲೇ ನಿಂತು ವಿಷಲ್ ಊದಿದರು. ಕೋಳಿ ಎದ್ದು ಸೀಟಿನ ಮೇಲೆ ಹಾರಿತು. ಕಿಟಕಿಯ ಗಾಳಿ ನೇರವಾಗಿ ಮೊಟ್ಟೆಗಳ ಮೇಲೆ ಬೀಸಿತು.

ಪ್ರಜ್ಞಾ ದುಪಟ್ಟಾ ಹೊದಿಸಿದಳು. ದ್ಯಾವಮ್ಮ ಕೋಳಿಯನ್ನು ಹಿಡಿದು ತಂದು ಕೂರಿಸಿದರು. ಬಸ್ಸು ಹೊರಡಲು ಇನ್ನೊಂದು ವಿಷಲ್ ಆಯಿತು. ಕೋಳಿ ಮತ್ತೆ ಎದ್ದಿತು. ಮೊಟ್ಟೆ ಮುಟ್ಟಿ ನೋಡಿದ ಪ್ರಜ್ಞಾಳ ಕಣ್ಣು ತುಂಬಿತು.

"ನೀನು ಊದೋದು ನಿಲ್ಸಪ್ಪಾ," ಎಂದರು ದ್ಯಾವಮ್ಮ. "ಇಲ್ಲಾಂದ್ರೆ ಮೊಟ್ಟೆ ಒಳಗಿನ ವಿಷಲ್ ನಿಂತೋಗುತ್ತೆ."

ಓಂಕಾರೇಶ್ ವಿಷಲ್ ಜೇಬಿಗೆ ಹಾಕಿ ಕಿಟಕಿ ಮುಚ್ಚಿದರು. ಮಷೀನಿನಲ್ಲಿ ಕೋಳಿಗೆ ಗುಂಡಿ ಇದೆ, ಮೊಟ್ಟೆಗೆ ಇಲ್ಲ ಎಂದು ಕಾರಣ ಕೊಟ್ಟು ಟಿಕೆಟ್ಟಿನ ಮಾತನ್ನೂ ಬಿಟ್ಟರು. ಅಲ್ಲಿಂದ ಮುಂದೆ ಪ್ರತಿ ನಿಲುಗಡೆಯಲ್ಲೂ ಮುಂದಕ್ಕೆ ನಡೆದುಹೋಗಿ ನಿಲ್ಲಿಸು, ಹೊರಡು ಎಂದು ಡ್ರೈವರ್ ಕಿವಿಯಲ್ಲಿ ಹೇಳಿಬಂದರು. ಏನ್ರೀ ಗುಟ್ಟು ಎಂದು ಡ್ರೈವರ್ ಬೈದ. ಬೀರೂರು ದಾಟುವ ಹೊತ್ತಿಗೆ ಕೋಳಿ ಕದಲದೆ ಕೂತಿತ್ತು.

ಬಸ್ಸು ಹದಿನೈದು ನಿಮಿಷ ತಡವಾಗಿ ಕಡೂರು ತಲುಪಿತು. ಸೆಮಿನಾರಿನಲ್ಲಿ ಪ್ರಜ್ಞಾ ಕೊರೆದ ಮೊದಲ ಮೊಟ್ಟೆಯಲ್ಲಿ ಭ್ರೂಣವೇ ಇರಲಿಲ್ಲ. ಎರಡನೆಯದರಲ್ಲಿ ಹೃದಯ ಬಡಿಯುತ್ತಿತ್ತು, ಬೆನ್ನಿನ ಎರಡೂ ಬದಿಗೆ ತುಂಡುಗಳು ಸಾಲಾಗಿ ಕಾಣುತ್ತಿದ್ದವು. ಮೇಷ್ಟರು ಅವನ್ನು ಎರಡು ಸಲ ಎಣಿಸಿ ಅಂಕ ಹಾಕಿದರು.