ಎಂಟು ಗಂಟೆಯ ಬಾಗಿಲು

ಸೊಸೆ ಕನ್ನಡಿಯ ಮುಂದೆ ನಿಂತು ಜಡೆ ಹಾಕಿಕೊಳ್ಳುತ್ತಿದ್ದಾಗಲೇ ಅಡುಗೆಮನೆಯಿಂದ ಅತ್ತೆಯ ಭಾಷಣ ಶುರುವಾಯಿತು.

"ವೇದಿಕೆ ಮೇಲಿರೋ ಗಣ್ಯರೇ, ಕೆಳಗಿರೋ ಬಂಧುಗಳೇ..."

ಕೇಳಿ ಕೇಳಿ ಆ ಭಾಷಣ ಮನೆಮಂದಿಗೆಲ್ಲ ಬಾಯಿಪಾಠವಾಗಿತ್ತು. ಅತ್ತೆಯ ಮಗನಂತೂ ಹಲ್ಲುಜ್ಜುತ್ತಲೇ ಮುಂದಿನ ಸಾಲನ್ನು ಎತ್ತಿಕೊಟ್ಟ.

ಅತ್ತೆ ದೊಡ್ಡಾಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಬಾಗಿಲು ಕಾಯುವವರು. ಸೊಸೆ ಅದೇ ಬಾಗಿಲೊಳಗಿನ ಕಿಟಕಿಯಲ್ಲಿ ಟೋಕನ್ ಕೊಡುವವಳು. ಆಸ್ಪತ್ರೆಯವರು, ದಾನಸಂಸ್ಥೆಯವರು, ನಗರಸಭೆಯವರು ಸೇರಿ ವರ್ಷಕ್ಕೊಮ್ಮೆ ಒಂದು ಸಮ್ಮೇಳನ ನಡೆಸುತ್ತಿದ್ದರು. ಅದರ ಕೊನೆಯ ಐದು ನಿಮಿಷ ಸಿಬ್ಬಂದಿಯ ಮಾತಿಗೆ ಮೀಸಲು. ಹಿಂದಿನ ಎರಡು ವರ್ಷವೂ ಅಲ್ಲಿ ಅತ್ತೆಯ ಹೆಸರು ಅಚ್ಚಾಗಿತ್ತು. ಎರಡು ವರ್ಷವೂ ದೊಡ್ಡವರ ಮಾತು ಉದ್ದವಾಗಿ, ಊಟದ ಹೊತ್ತು ಮೀರಿ, ಆ ಐದು ನಿಮಿಷಕ್ಕೇ ಕತ್ತರಿ ಬಿದ್ದಿತ್ತು. ಮುಂದಿನ ತಿಂಗಳು ಅತ್ತೆಗೆ ನಿವೃತ್ತಿ. ಈ ವರ್ಷದ ಸಮ್ಮೇಳನ ಇವತ್ತು; ಇದೂ ತಪ್ಪಿದರೆ ತಪ್ಪಿದಂತೆಯೇ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇವತ್ತು ನಿನ್ನ ಕಾಲ ಕಣೇ," ಎಂದರು ಅತ್ತೆ. "ಗಂಟೆ ನಿನ್ನ ಕೈಲಿದೆ."

ಭಾಷಣಕಾರರ ಹೊತ್ತು ನೋಡಿ ಗಂಟೆ ಹೊಡೆಯುವ ಕೆಲಸ ಈ ಸಲ ಸೊಸೆಯ ಪಾಲಿಗೆ ಬಂದಿತ್ತು.

"ಡೈರೆಕ್ಟರ್ ಸಾಹೇಬ್ರ ಮುಂದೆ ಗಂಟೆ ಹೊಡೆದು, ನಾಳೆ ಅವ್ರಿಗೆ ಯಾವ ಮುಖ ತೋರಿಸ್ಲಿ ಅತ್ತೆ?"

"ಇರೋದೊಂದೇ ಮುಖ, ಅದನ್ನೇ ತೋರಿಸು."

ಸಭಾಂಗಣದಲ್ಲಿ ಸಂಘಟಕರು ಅವಳ ಕೈಗೆ ಹಿತ್ತಾಳೆಯ ಗಂಟೆ ಕೊಟ್ಟು, "ಒಬ್ಬರಿಗೆ ಹತ್ತು ನಿಮಿಷ. ಆದ್ರೆ ದೊಡ್ಡವ್ರು ನೋಡಮ್ಮ, ಸ್ವಲ್ಪ ಮೆಲ್ಲಗೆ ಹೊಡಿ," ಎಂದರು. ಅವಳು ಮೆಲ್ಲಗೇ ಹೊಡೆದಳು. ದಾನಸಂಸ್ಥೆಯ ಅಧ್ಯಕ್ಷೆ ನಕ್ಕು, "ಇನ್ನೆರಡೇ ಮಾತು," ಎಂದು ಇಪ್ಪತ್ತು ನಿಮಿಷ ತೆಗೆದುಕೊಂಡರು. ನಗರಸಭೆಯ ಸದಸ್ಯರು ಗಂಟೆಯ ಸದ್ದನ್ನೇ ಚಪ್ಪಾಳೆ ಎಂದುಕೊಂಡರೋ ಏನೋ, ಇನ್ನಷ್ಟು ಹುರುಪಾದರು. ಮೂರನೆಯವರು ಆಸ್ಪತ್ರೆಯ ಡೈರೆಕ್ಟರ್. ಒಳ್ಳೆಯ ವೈದ್ಯರು, ಒಳ್ಳೆಯ ಮನುಷ್ಯರು. ಮೈಕ್ ಸಿಕ್ಕರೆ ಮಾತ್ರ ಹಿಡಿಯುವವರಿಲ್ಲ. ಅವರ ವಿಷಯ 'ರೋಗಿಯ ಮಾತಿಗೆ ಕಿವಿಗೊಡೋಣ'. ಆಸ್ಪತ್ರೆಯಲ್ಲಿ ಅವರ ಕೋಣೆಯ ಬಾಗಿಲ ಮೇಲಿದ್ದ ಬರಹ ಮಾತ್ರ 'ಒಬ್ಬರಿಗೆ ಮೂರೇ ನಿಮಿಷ'.

ಮೊದಲ ಗಂಟೆ ಹೊಡೆದಾಯಿತು, ಎರಡನೆಯದೂ ಆಯಿತು. ಪಕ್ಕದ ಕೋಣೆಯಲ್ಲಿ ತಟ್ಟೆಗಳ ಸದ್ದು ಎದ್ದಿತು. ಸಂಘಟಕರು ಕೈಲಿದ್ದ ಪಟ್ಟಿಯ ಕೊನೆಯ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದ್ದು ಸೊಸೆಗೆ ಕಂಡಿತು. ಹಿಂದಿನ ಸಾಲಿನಲ್ಲಿ ಅತ್ತೆ ಭಾಷಣದ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಒಂದು ಮಾತಿಗೆ ಹತ್ತು ಮಾತಾಡುವ ಅತ್ತೆ ಅಲ್ಲಿ ಸುಮ್ಮನೆ ಕುಳಿತಿದ್ದನ್ನು ನೋಡಿ ಸೊಸೆ ಗಂಟೆಯನ್ನು ಪಕ್ಕಕ್ಕಿಟ್ಟಳು. ಅವಳು ಎದ್ದು ನಿಂತಳು. ದಿನಾ ಕಿಟಕಿಯಿಂದ ಕೂಗುವ ಅದೇ ದನಿಯಲ್ಲಿ ಕೂಗಿಯೇಬಿಟ್ಟಳು:

"ಟೋಕನ್ ನಂಬರ್ ಮೂರು ಮುಗೀತು! ನಾಲ್ಕು ಬನ್ನಿ!"

ಸಭೆ ಹೋ ಎಂದು ನಕ್ಕಿತು. ಹುಬ್ಬು ಗಂಟಿಕ್ಕಿದ್ದ ಡೈರೆಕ್ಟರಿಗೂ ನಗು ತಡೆಯಲಾಗಲಿಲ್ಲ. "ಆಸ್ಪತ್ರೇಲಿ ಈ ದನಿಗೆ ಯಾರೂ ಎದುರಾಡಲ್ಲ. ನಾನು ಹೇಗೆ ಆಡ್ಲಿ?" ಎಂದು ಮೈಕ್ ಬಿಟ್ಟು ಇಳಿದರು.

ಅತ್ತೆ ವೇದಿಕೆ ಹತ್ತಿದರು. ಭಾಷಣದ ಗಣ್ಯರೂ ಬಂಧುಗಳೂ ಎಲ್ಲಿ ಹೋದರೋ! ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ಇದು ನಮ್ ಬಾಗಿಲಿನ ಕೀಲಿಕೈ. ಎಂಟು ಗಂಟೆಗೆ ತೆಗೀಬೇಕು ಅಂತ ಆರ್ಡರ್. ಟೋಕನ್‌ಗೆ ಜನ ಆರಕ್ಕೇ ಬರ್ತಾರೆ. ಜ್ವರ ಬಂದೋರು, ಬಸುರಿಯರು, ಕೋಲು ಊರ್ಕೊಂಡು ಬರೋರು, ಎಲ್ಲ ಚಳೀಲಿ ನಿಂತಿರ್ತಾರೆ. ಒಳಗೆ ಎಪ್ಪತ್ತು ಕುರ್ಚಿ ಖಾಲಿ ಇರ್ತವೆ. ಕೀಲಿಕೈ ಸೊಂಟದಲ್ಲಿಟ್ಕೊಂಡು ನಾನೂ ಅವ್ರ ಜೊತೆ ನಿಂತಿರ್ತೀನಿ. ನಂಗೆ ನಾಚಿಕೆ ಆಗತ್ತೆ. ಅಷ್ಟೇ."

ಒಂದು ನಿಮಿಷವೂ ಆಗಿರಲಿಲ್ಲ. ಅತ್ತೆ ಗಂಟೆಗೆ ಮುಂಚೆ ಮಾತು ನಿಲ್ಲಿಸಿದ್ದನ್ನು ಸೊಸೆ ಜನ್ಮದಲ್ಲಿ ಮೊದಲ ಸಲ ಕಂಡಳು.

ಡೈರೆಕ್ಟರ್ ಕುಳಿತಲ್ಲಿಂದಲೇ ಹೇಳಿದರು: "ಸುಮ್ನೆ ಮಾಡಿದ ಆರ್ಡರ್ ಅಲ್ಲಮ್ಮ. ಒಮ್ಮೆ ಬೇಗ ತೆಗೆದಾಗ ಸಾಮಾನು ಕಳುವಾಗಿತ್ತು. ಗುಡಿಸೋರು ಬರೋದೂ ಏಳಕ್ಕೆ."

"ಕಳ್ಳರಿಂದ ಕಾಯೋಕೇ ಅಲ್ವಾ ಸರ್ ನನ್ನ ಇಟ್ಕೊಂಡಿರೋದು? ಗುಡಿಸೋವಾಗ ಜನ ಕಾಲು ಮೇಲೆತ್ಕೋತಾರೆ ಬಿಡಿ."

ಮತ್ತೆ ನಗು. ಡೈರೆಕ್ಟರ್ ಮಾತ್ರ ನಗಲಿಲ್ಲ. ಎದ್ದು ಬಂದು ಕೀಲಿಕೈಯನ್ನು ಅತ್ತೆಯ ಅಂಗೈಯಲ್ಲಿಟ್ಟರು. "ಹತ್ತು ವರ್ಷದಿಂದ ನಾನು ಒಂಬತ್ತಕ್ಕೇ ಬರ್ತಿದೀನಿ. ಇದು ಕಣ್ಣಿಗೇ ಬಿದ್ದಿಲ್ಲ. ಸೋಮವಾರದಿಂದ ಆರಕ್ಕೆ ತೆಗೀರಿ. ನಾನೂ ಬಂದು ನೋಡ್ತೀನಿ," ಎಂದರು.

ಸೋಮವಾರ ಎಂಟಕ್ಕೆ ಸ್ವಲ್ಪ ಮುಂಚೆ ಸೊಸೆ ಕೆಲಸಕ್ಕೆ ಬಂದಾಗ ಬಾಗಿಲು ತೆರೆದಿತ್ತು, ಕುರ್ಚಿಗಳು ತುಂಬಿದ್ದವು. ಮೂಲೆಯಲ್ಲಿ ಬಿಳಿ ಕೋಟಿಲ್ಲದ ಡೈರೆಕ್ಟರ್! ಪಕ್ಕದಲ್ಲಿದ್ದ ಮುದುಕರೊಬ್ಬರು, ಇವರು ಯಾರೆಂದು ತಿಳಿಯದೆ, ತಮ್ಮ ಮಂಡಿನೋವಿನ ಕಥೆ ಹೇಳುತ್ತಿದ್ದರು. ಅದು ಅವರು ಹುಡುಗರಾಗಿದ್ದಾಗ ಕೊಂಡ ಸೈಕಲ್ಲಿನಿಂದ ಶುರುವಾಗಿತ್ತು.

"ಆಮೇಲೆ?" ಎನ್ನುತ್ತಿದ್ದರು ಡೈರೆಕ್ಟರ್.

ಎಂಟಾಯಿತು. ಸಂಘಟಕರು ತಮಾಷೆಗೆಂದು ಅವಳಿಗೇ ಕೊಟ್ಟುಬಿಟ್ಟಿದ್ದ ಹಿತ್ತಾಳೆಯ ಗಂಟೆ ಈಗ ಕಿಟಕಿಯ ಪಕ್ಕದಲ್ಲಿತ್ತು. ಟೋಕನ್ ಶುರುಮಾಡಲು ಸೊಸೆ ಅದನ್ನು ಎತ್ತುವಷ್ಟರಲ್ಲಿ ಅತ್ತೆ ಬಂದು ಅವಳ ಕೈ ಹಿಡಿದರು.

"ಇರು ಕಣೇ," ಎಂದು ಪಿಸುಗುಟ್ಟಿದರು. "ಅಜ್ಜ ಇನ್ನೂ ಮಂಡಿ ಹತ್ರ ಬಂದಿಲ್ಲ."

ಸೊಸೆ ಸದ್ದಾಗದಂತೆ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಅದನ್ನು ಮೇಜಿನ ಖಾನೆಯೊಳಗಿಟ್ಟಳು.